ಹತ್ತನೇ ಬೈಟ್‌ನಲ್ಲಿ 17 ಜಾಸ್ತಿಯಾಗುತ್ತಿದೆ, ಹಾಗಂತ ಟಿಸಿಪಿ ಸೋತಿತೇ?

ಇಂಟರ್ನೆಟ್‌ನಲ್ಲಿ ಓಡಾಡುವ ಯಾವುದಾದರೂ ಒಂದು ಐಪಿವಿ4 ಪ್ಯಾಕೆಟ್ (ಐಪಿ ವಿಳಾಸದ ನಾಲ್ಕನೇ ಆವೃತ್ತಿಯಲ್ಲಿ ಹೋಗುವ ಡೇಟಾದ ಸಣ್ಣ ಕಟ್ಟು) ಹಿಡಿದು ಅದರ ಹೆಡರ್, ಅಂದರೆ ಮೇಲಿನ ವಿಳಾಸಚೀಟಿ, ನೋಡಿ. ಮೊದಲಿನಿಂದ ಎಣಿಸುತ್ತಾ ಹೋದರೆ ಹತ್ತನೇ ಬೈಟ್‌ನಲ್ಲಿ ಒಂದು ಸಣ್ಣ ಸಂಖ್ಯೆ ಸಿಗುತ್ತದೆ. ಒಳಗಿರುವುದು ಯಾವ ಪ್ರೋಟೊಕಾಲ್ (ಯಂತ್ರಗಳು ಸರಕು ಸಾಗಿಸುವಾಗ ಪಾಲಿಸುವ ನಿಯಮಗಳ ಕಟ್ಟು) ಅಂತ ಹೇಳುವುದು ಅದರ ಕೆಲಸ. 6 ಅಂತಿದ್ದರೆ ಟಿಸಿಪಿ, 17 ಅಂತಿದ್ದರೆ ಯುಡಿಪಿ. ಐಪಿವಿ6ನಲ್ಲಿ ಜಾಗ ಬೇರೆ, ಸಂಖ್ಯೆ ಅದೇ. ಮಿಕ್ಕ ಸಂಖ್ಯೆಗಳೂ ಇವೆ. ಆದರೆ ದಿನಾ ಬಳಸುವ ಇಂಟರ್ನೆಟ್‌ನಲ್ಲಿ ಹೆಚ್ಚುಕಡಿಮೆ ಎಲ್ಲಾ ಸರಕೂ ಈ ಎರಡರ ಹೆಸರಲ್ಲೇ ಹೋಗುತ್ತದೆ.

ಬಹಳ ವರ್ಷ ಈ ಜಾಗದಲ್ಲಿ 6ರದ್ದೇ ದರ್ಬಾರು. ಕಳೆದ ಹತ್ತು ವರ್ಷಗಳಿಂದ 17 ಏರುತ್ತಾ ಬಂದಿದೆ. ಇದನ್ನು ನೋಡಿದವರು ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾತು ಆಡುತ್ತಾರೆ. ಟಿಸಿಪಿ ಕಾಲ ಮುಗೀತು ಅಂತ ಒಬ್ಬರು. ಯುಡಿಪಿಗೆ ಲಗಾಮಿಲ್ಲ, ಹೀಗೇ ಆದರೆ ಜಾಲವೇ ಕುಸಿಯುತ್ತೆ ಅಂತ ಇನ್ನೊಬ್ಬರು. ನನಗೆ ಎರಡೂ ಅರ್ಧಂಬರ್ಧ ಅನಿಸುತ್ತವೆ. ಟಿಸಿಪಿ ಮಾಡುತ್ತಿದ್ದ ಕೆಲಸ ಎಲ್ಲೂ ಹೋಗಿಲ್ಲ, ಮನೆ ಬದಲಾಯಿಸಿದೆ. ಹೊರಗೆ ಬರೆದ ನಂಬರ್ ನೋಡಿ ಒಳಗೆ ಯಾರಿದ್ದಾರೆ ಅಂತ ಹೇಳುವುದು ಮಾತ್ರ ಈಗ ಕಷ್ಟ.

ಮೊದಲು ಇಬ್ಬರ ಪರಿಚಯ. ಯುಡಿಪಿಯ ವಿವರಣೆ ಬಂದದ್ದು ಆಗಸ್ಟ್ 1980ರಲ್ಲಿ. ಇಡೀ ದಾಖಲೆ ಮೂರೇ ಪುಟ. ಹೆಡರ್ 8 ಬೈಟ್: ಎಲ್ಲಿಂದ ಬಂತು, ಎಲ್ಲಿಗೆ ಹೋಗಬೇಕು, ಎಷ್ಟು ಉದ್ದ, ದಾರಿಯಲ್ಲಿ ಕೆಟ್ಟಿದೆಯಾ ಅಂತ ನೋಡಲು ಒಂದು ಚೆಕ್‌ಸಮ್. ಅಷ್ಟೇ. ಪ್ಯಾಕೆಟ್ ತಲುಪಿತಾ, ಮುಂಚೆ ಬಂದದ್ದು ಯಾವುದು, ದಾರಿಯಲ್ಲಿ ಜಾಮ್ ಆಗಿದೆಯಾ, ಯಾವುದರ ಗೊಡವೆಯೂ ಅದಕ್ಕಿಲ್ಲ. ಟಿಸಿಪಿಯ ಹೆಡರ್ ಕನಿಷ್ಠ 20 ಬೈಟ್. ಬಹುಕಾಲ ಎಲ್ಲರೂ ಕೈಪಿಡಿಯಂತೆ ಇಟ್ಟುಕೊಂಡಿದ್ದ ಅದರ ದಾಖಲೆ ಸೆಪ್ಟೆಂಬರ್ 1981ರದ್ದು. ಪ್ರತಿ ಬೈಟ್‌ಗೂ ಅಲ್ಲಿ ಲೆಕ್ಕ ಇದೆ. ಕಳೆದುಹೋದರೆ ಮತ್ತೆ ಕಳಿಸುತ್ತದೆ, ಹಿಂದುಮುಂದಾಗಿ ಬಂದರೆ ಸಾಲಾಗಿ ಜೋಡಿಸಿ ಕೊಡುತ್ತದೆ.

ಲೆಕ್ಕ ಯಾವುದರದ್ದು?

ಟ್ರಾಫಿಕ್‌ನಲ್ಲಿ ಯುಡಿಪಿ ಪಾಲು ಎಷ್ಟು ಅಂತ ಯಾರಾದರೂ ಕೇಳಿದರೆ ಮರುಪ್ರಶ್ನೆ ಹಾಕಲೇಬೇಕು. ಬೈಟ್ ಲೆಕ್ಕದಲ್ಲೋ, ಪ್ಯಾಕೆಟ್ ಲೆಕ್ಕದಲ್ಲೋ, ಫ್ಲೋ ಲೆಕ್ಕದಲ್ಲೋ? ಎರಡು ಐಪಿ ವಿಳಾಸ, ಎರಡು ಪೋರ್ಟ್ (ಯಂತ್ರದೊಳಗೆ ಯಾವ ಸಾಫ್ಟ್‌ವೇರ್‌ಗೆ ಅಂತ ಹೇಳುವ ಸಂಖ್ಯೆ), ಒಂದು ಪ್ರೋಟೊಕಾಲ್, ಈ ಐದೂ ಒಂದೇ ಆಗಿರುವ ಪ್ಯಾಕೆಟ್‌ಗಳ ಗುಂಪೇ ಫ್ಲೋ. ಎರಡು ಯಂತ್ರಗಳ ನಡುವಿನ ಒಂದು ಮಾತುಕತೆ ಅಂದುಕೊಳ್ಳಿ.

ಸುಮ್ನೆ ಒಂದು ಲೆಕ್ಕ ಹಾಕೋಣ. ಒಂದು ಲಿಂಕ್‌ನಲ್ಲಿ ಯಾರೋ 1 ಗಿಗಾಬೈಟ್ ಫೈಲ್ ಒಂದನ್ನು ಟಿಸಿಪಿ ಮೇಲೆ ಇಳಿಸಿಕೊಂಡರು. ಪ್ಯಾಕೆಟ್‌ಗೆ 1460 ಬೈಟ್ ಸರಕು ಹಿಡಿಯುತ್ತದೆ ಅಂದರೆ ಸುಮಾರು 6.85 ಲಕ್ಷ ಪ್ಯಾಕೆಟ್ ಆಯಿತು. ಎರಡು ಪ್ಯಾಕೆಟ್‌ಗೆ ಒಂದರಂತೆ ವಾಪಸ್ ಬರುವ ಸ್ವೀಕೃತಿಗಳು ಇನ್ನೊಂದು 3.4 ಲಕ್ಷ. ಇದೇ ಹೊತ್ತಿನಲ್ಲಿ ಅದೇ ಲಿಂಕ್‌ನಲ್ಲಿ 1000 ಡಿಎನ್‌ಎಸ್ ವಿಚಾರಣೆ (ಈ ಹೆಸರಿನ ಸೈಟ್‌ನ ಐಪಿ ವಿಳಾಸ ಯಾವುದು ಅಂತ ಕೇಳುವುದು) ಯುಡಿಪಿ ಮೇಲೆ ಹೋಗಿ ಬಂದವು. ಒಂದು ಪ್ರಶ್ನೆ, ಒಂದು ಉತ್ತರ, ಒಟ್ಟು 2000 ಪ್ಯಾಕೆಟ್, ಎಲ್ಲಾ ಸೇರಿ ಕೆಲವು ಲಕ್ಷ ಬೈಟ್. ಈಗ ಪಾಲು ನೋಡಿ. ಫ್ಲೋ ಲೆಕ್ಕದಲ್ಲಿ ಯುಡಿಪಿ ಶೇ. 99.9. ಪ್ಯಾಕೆಟ್ ಲೆಕ್ಕದಲ್ಲಿ ಶೇ. 0.2. ಬೈಟ್ ಲೆಕ್ಕದಲ್ಲಿ ಹುಡುಕಿದರೂ ಕಾಣದಷ್ಟು. ಲಿಂಕ್ ಒಂದೇ, ಹೊತ್ತು ಒಂದೇ. ಯಾರಿಗೆ ಯಾವ ಸುದ್ದಿ ಬೇಕೋ ಆ ಲೆಕ್ಕ ತೋರಿಸಬಹುದು.

ನಿಜವಾದ ಅಳತೆಗಳಲ್ಲೂ ಇದೇ ಕಥೆ. 1997ರಲ್ಲಿ ಅಮೆರಿಕದ ಎಂಸಿಐ ಕಂಪನಿಯ ಬೆನ್ನೆಲುಬು ಜಾಲದಲ್ಲಿ ಅಳೆದಾಗ ಟಿಸಿಪಿಗೆ ಬೈಟ್‌ಗಳಲ್ಲಿ ಸುಮಾರು ಶೇ. 95, ಪ್ಯಾಕೆಟ್‌ಗಳಲ್ಲಿ ಶೇ. 90, ಫ್ಲೋಗಳಲ್ಲಿ ಶೇ. 75 ಪಾಲು ಸಿಕ್ಕಿತ್ತು. ಯುಡಿಪಿಗೆ ಅದೇ ಕ್ರಮದಲ್ಲಿ ಶೇ. 5, 10 ಮತ್ತು 20. ಮುಂದೆ ಇಂಟರ್ನೆಟ್ ಅಳೆಯುವ ಕೈಡಾ ಸಂಸ್ಥೆಯವರು 2002ರಿಂದ 2009ರವರೆಗಿನ ದಾಖಲೆಗಳನ್ನು ಇಟ್ಟುಕೊಂಡು ನೋಡಿದಾಗ ಬೈಟ್ ಮತ್ತು ಪ್ಯಾಕೆಟ್‌ನಲ್ಲಿ ಟಿಸಿಪಿಯೇ ಮುಂದಿತ್ತು, ಫ್ಲೋಗಳಲ್ಲಿ ಮಾತ್ರ ಹಲವು ಕಡೆ ಯುಡಿಪಿ ಮೇಲುಗೈ. ಕಾರಣ ಬಳಸುವವರು ತಮ್ಮತಮ್ಮಲ್ಲೇ ನೇರವಾಗಿ ಫೈಲ್ ಹಂಚಿಕೊಳ್ಳುವ ಪೀರ್ ಟು ಪೀರ್ ಸಾಫ್ಟ್‌ವೇರ್. ಯಾರ ಹತ್ತಿರ ಯಾವ ಫೈಲ್ ಇದೆ ಅಂತ ಸಾವಿರಾರು ಜನರನ್ನು ಒಂದೊಂದು ಸಣ್ಣ ಯುಡಿಪಿ ಪ್ಯಾಕೆಟ್ ಕಳಿಸಿ ವಿಚಾರಿಸುತ್ತಿತ್ತು. ಮಾತು ಜಾಸ್ತಿ, ಸರಕು ಕಡಿಮೆ.

ಫ್ಲೋ ಲೆಕ್ಕಕ್ಕೆ ಇನ್ನೊಂದು ತೊಂದರೆ ಇದೆ. ವೆಬ್ ಪುಟ ತರಿಸಿಕೊಳ್ಳುವ ಪ್ರೋಟೊಕಾಲ್ ಎಚ್‌ಟಿಟಿಪಿ. ಅದರ ಹಳೆಯ ಎಚ್‌ಟಿಟಿಪಿ/1.1 ಕಾಲದಲ್ಲಿ ಬ್ರೌಸರ್ ಒಂದು ಸೈಟ್‌ಗೆ ಆರು ಟಿಸಿಪಿ ಸಂಪರ್ಕ ತೆರೆಯುವುದು ಮಾಮೂಲಾಗಿತ್ತು. 2015ರಲ್ಲಿ ಎಚ್‌ಟಿಟಿಪಿ/2 ಬಂದ ಮೇಲೆ ಒಂದೇ ಸಂಪರ್ಕ ಸಾಕಾಯಿತು. ಅದೇ ಪುಟ, ಅದೇ ಚಿತ್ರ, ಆದರೆ ಫ್ಲೋಗಳ ಸಂಖ್ಯೆ ಇಳಿಯಿತು. ಇಪ್ಪತ್ತು ವರ್ಷದ ಗ್ರಾಫ್ ಒಂದನ್ನು ಮುಂದಿಟ್ಟುಕೊಂಡು ಕೂತರೆ ಇಂಥ ಇಳಿತಗಳಲ್ಲಿ ಯಾವುದು ಜನರ ಬಳಕೆಯಿಂದ ಆದದ್ದು, ಯಾವುದು ಸಾಫ್ಟ್‌ವೇರ್ ಬದಲಾದದ್ದು ಅಂತ ಬಿಡಿಸುವುದೇ ಅರ್ಧ ಕೆಲಸ. ಇನ್ನು ಒಂದೇ ಲಿಂಕ್ ನೋಡುತ್ತಿದ್ದರಂತೂ ಮುಗೀತು. ಜಪಾನಿನ ವೈಡ್ ಯೋಜನೆಯವರು ತಮ್ಮ ಬೆನ್ನೆಲುಬು ಜಾಲದಲ್ಲಿ ದಿನಾ ಮಧ್ಯಾಹ್ನ 2ರಿಂದ 15 ನಿಮಿಷದ ಪ್ಯಾಕೆಟ್ ದಾಖಲೆ ಹಿಡಿದು ಎರಡು ದಶಕಕ್ಕೂ ಮೀರಿ ಕೂಡಿಟ್ಟಿದ್ದಾರೆ. ಬಂಗಾರದಂಥ ಸಂಗ್ರಹ. ಆದರೂ ಆ ಹದಿನೈದು ನಿಮಿಷದಲ್ಲಿ ಯಾವನೋ ಇಡೀ ಜಾಲದ ಪೋರ್ಟ್ ತಟ್ಟುತ್ತಾ ಹೋದರೆ ಆ ದಿನದ ಅನುಪಾತವೇ ಉಲ್ಟಾ ಆಗಬಹುದು. ಹಾಗಾಗಿ ಈ ವಿಷಯದಲ್ಲಿ ಒಂದು ದಿನದ, ಒಂದು ಲಿಂಕ್‌ನ ಸಂಖ್ಯೆ ಹಿಡಿದು ಮಾತಾಡುವವರನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ತೋಳ ಬಂತು ತೋಳ

ಯುಡಿಪಿ ಬಗ್ಗೆ ಭಯ ಯಾಕೆ ಅಂತ ತಿಳಿಯಲು 1986ರ ಅಕ್ಟೋಬರ್‌ಗೆ ಹೋಗಬೇಕು. ಅಮೆರಿಕದ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯಕ್ಕೂ ಬರ್ಕ್‌ಲಿ ವಿಶ್ವವಿದ್ಯಾಲಯಕ್ಕೂ ನಡುವೆ 400 ಗಜ ದೂರ. ಅವೆರಡರ ನಡುವಿನ ವೇಗ ಸೆಕೆಂಡಿಗೆ 32 ಕಿಲೋಬಿಟ್‌ನಿಂದ 40 ಬಿಟ್‌ಗೆ ಬಿತ್ತು. ಕಿಲೋಬಿಟ್ ಅಲ್ಲ, ಬರೀ ಬಿಟ್. ಎದ್ದು ನಡೆದುಕೊಂಡು ಹೋಗಿ ಕೈಯಲ್ಲಿ ಕೊಟ್ಟು ಬಂದರೆ ಬೇಗ ಆಗುತ್ತಿತ್ತು. ಪ್ಯಾಕೆಟ್ ಕಳೆದಾಗ ಎಲ್ಲರೂ ಮತ್ತೆ ಕಳಿಸುತ್ತಿದ್ದರು, ಅದರಿಂದ ಇನ್ನೂ ಜಾಮ್, ಇನ್ನೂ ಕಳೆಯುವುದು, ಮತ್ತೆ ಕಳಿಸುವುದು. ಇದಕ್ಕೆ ವ್ಯಾನ್ ಜೇಕಬ್ಸನ್ 1988ರಲ್ಲಿ ಕೊಟ್ಟ ಮದ್ದು ಇವತ್ತಿಗೂ ಇಂಟರ್ನೆಟ್‌ನ ಪ್ರಾಣ. ಪ್ಯಾಕೆಟ್ ಕಳೆಯಿತು ಅಂದರೆ ದಾರಿ ಜಾಮ್ ಆಗಿದೆ ಅಂತ ತಿಳಿ, ವೇಗ ಇಳಿಸು, ಆಮೇಲೆ ಮೆಲ್ಲಗೆ ಏರಿಸು. ಪ್ರತಿ ಟಿಸಿಪಿ ಕಳುಹಿಸುವವನೂ ತನ್ನಷ್ಟಕ್ಕೆ ತಾನೇ ಹಿಂದೆ ಸರಿಯುತ್ತಾನೆ. ಮೇಲೆ ನಿಂತು ನೋಡಿಕೊಳ್ಳುವ ಅಧಿಕಾರಿ ಯಾರೂ ಇಲ್ಲ.

ಯುಡಿಪಿಯಲ್ಲಿ ಈ ಸರಿಯುವ ಬುದ್ಧಿ ಹುಟ್ಟಿನಿಂದ ಇಲ್ಲ. 1990ರ ದಶಕದ ಕೊನೆಗೆ ಆಡಿಯೊ, ವಿಡಿಯೊ ಯುಡಿಪಿ ಮೇಲೆ ಹರಿಯಲು ಶುರುವಾದಾಗ ತಜ್ಞರು ಹೆದರಿದರು. ಸ್ಯಾಲಿ ಫ್ಲಾಯ್ಡ್ ಮತ್ತು ಕೆವಿನ್ ಫಾಲ್ 1999ರಲ್ಲಿ ಇದನ್ನೇ ಎಚ್ಚರಿಸಿದರು: ಹಿಂದೆ ಸರಿಯದ ಇಂಥ ಹರಿವು ಜಾಸ್ತಿಯಾದರೆ ಸರಿಯುವವರ ಪಾಲೂ ಹೋಗುತ್ತದೆ, ಮತ್ತೆ ಕುಸಿತ ಬರಬಹುದು. ತರ್ಕ ಸರಿಯಾಗೇ ಇತ್ತು. ಆದರೆ ವಿಡಿಯೊ ಆ ದಾರಿ ಹಿಡಿಯಲೇ ಇಲ್ಲ. ಫೈರ್‌ವಾಲ್‌ಗಳು ಯುಡಿಪಿಯನ್ನು ತಡೆಯುತ್ತಿದ್ದವು, ವೆಬ್ ಟ್ರಾಫಿಕ್ ಮಾತ್ರ ಎಲ್ಲಾ ಕಡೆ ತೂರಿಕೊಂಡು ಹೋಗುತ್ತಿತ್ತು. 2005ರಲ್ಲಿ ಯೂಟ್ಯೂಬ್ ಬಂತು, ಮಾಮೂಲಿ ವೆಬ್ ಡೌನ್‌ಲೋಡ್ ಥರವೇ ವಿಡಿಯೊ ಕಳಿಸಿತು. 2009ರಲ್ಲಿ ಆಪಲ್ ತಂದ ಎಚ್‌ಎಲ್‌ಎಸ್‌ನಲ್ಲೂ ವಿಡಿಯೊವನ್ನು ತುಂಡು ತುಂಡು ಮಾಡಿ ಎಚ್‌ಟಿಟಿಪಿಯಲ್ಲೇ ಇಳಿಸುವ ಪದ್ಧತಿ. ವಿಡಿಯೊಗೆ ಟಿಸಿಪಿ ಆಗಿಬರಲ್ಲ ಅಂತ ಪಾಠ ಹೇಳುತ್ತಿದ್ದ ಪುಸ್ತಕಗಳು ಕಪಾಟಿನಲ್ಲೇ ಉಳಿದವು, ಲೋಕದ ವಿಡಿಯೊ ಪೂರಾ ಟಿಸಿಪಿ ಮೇಲೆ ಹರಿಯಿತು.

ಎರಡನೇ ಕೂಗು 2008ರ ಡಿಸೆಂಬರ್‌ನಲ್ಲಿ. ಪೀರ್ ಟು ಪೀರ್ ಫೈಲ್ ಹಂಚಿಕೆಯ ಬಿಟ್‌ಟೊರೆಂಟ್‌ನವರು ತಮ್ಮ ಡೌನ್‌ಲೋಡ್‌ಗಳನ್ನು ಟಿಸಿಪಿಯಿಂದ ಯುಡಿಪಿಗೆ ತರುತ್ತೇವೆ ಅಂದರು. ಇಂಟರ್ನೆಟ್ ಕರಗಿ ಹೋಗುತ್ತದೆ ಅನ್ನುವ ಮಟ್ಟದ ಬರಹಗಳು ಬಂದವು. ಆದದ್ದು ತಲೆಕೆಳಗು. ಅವರು ಯುಡಿಪಿ ಮೇಲೆ ಕಟ್ಟಿದ ವ್ಯವಸ್ಥೆ ಟಿಸಿಪಿಗಿಂತ ಸಾಧು. ಪ್ಯಾಕೆಟ್ ಕಳೆಯುವವರೆಗೂ ಕಾಯದೆ, ದಾರಿಯಲ್ಲಿ ವಿಳಂಬ ಏರಿದ ತಕ್ಷಣವೇ ಹಿಂದೆ ಸರಿಯುತ್ತಿತ್ತು. 2012ರಲ್ಲಿ ಲೆಡ್‌ಬ್ಯಾಟ್ ಹೆಸರಲ್ಲಿ ಅದೇ ವಿಧಾನಕ್ಕೆ ಅಧಿಕೃತ ದಾಖಲೆ ಬಂತು. ದಾರಿಯ ಕ್ಯೂನಲ್ಲಿ ತಾನು ಹುಟ್ಟಿಸುವ ಹೆಚ್ಚುವರಿ ವಿಳಂಬದ ಗುರಿ 100 ಮಿಲಿಸೆಕೆಂಡ್ ದಾಟಬಾರದು ಅಂತ ಅದರಲ್ಲಿ ಬರೆದಿದೆ. ಮನೆಯಲ್ಲಿ ಯಾರಾದರೂ ಫೋನ್ ಕರೆಯಲ್ಲಿದ್ದರೆ ಟೊರೆಂಟ್ ತಾನೇ ಪಕ್ಕಕ್ಕೆ ನಿಲ್ಲಲಿ ಅನ್ನುವುದು ಉದ್ದೇಶ. 17 ಅಂತ ಬರೆದುಕೊಂಡವನು 6 ಅಂತ ಬರೆದುಕೊಂಡವನಿಗಿಂತ ಒಳ್ಳೆಯ ನೆರೆಯವನಾಗಿದ್ದ.

ನಿಜವಾದ ತೋಳವೂ ಒಮ್ಮೆ ಬಂದಿತ್ತು ಅನ್ನಿ. 2003ರ ಜನವರಿ 25ರಂದು ಸ್ಲ್ಯಾಮರ್ ಎಂಬ, ಯಂತ್ರದಿಂದ ಯಂತ್ರಕ್ಕೆ ತಾನೇ ಹರಡುವ ಕಂಪ್ಯೂಟರ್ ಹುಳು ಎದ್ದಿತು. ಅದರ ಇಡೀ ಮೈ 376 ಬೈಟ್. ಒಂದೇ ಯುಡಿಪಿ ಪ್ಯಾಕೆಟ್‌ನಲ್ಲಿ ಕೂರುತ್ತಿತ್ತು. ಟಿಸಿಪಿ ಆಗಿದ್ದರೆ ಮೊದಲು ಹ್ಯಾಂಡ್‌ಶೇಕ್ ಮಾಡಿ, ಆ ಕಡೆಯ ಉತ್ತರಕ್ಕೆ ಕಾದು, ಆಮೇಲೆ ಸರಕು ಕಳಿಸಬೇಕಿತ್ತು. ಇಲ್ಲಿ ಕಾಯುವ ಮಾತೇ ಇಲ್ಲ, ಕಂಡ ಕಂಡ ವಿಳಾಸಕ್ಕೆ ಎಸೆಯುತ್ತಾ ಹೋದರೆ ಆಯಿತು. ಶುರುವಿನಲ್ಲಿ ಸೋಂಕು 8.5 ಸೆಕೆಂಡಿಗೊಮ್ಮೆ ದುಪ್ಪಟ್ಟಾಯಿತು. ಹತ್ತು ನಿಮಿಷದಲ್ಲಿ ಸಿಗಬಹುದಾದ ಯಂತ್ರಗಳಲ್ಲಿ ಹೆಚ್ಚಿನವೆಲ್ಲ ಸಿಕ್ಕಿಬಿದ್ದಿದ್ದವು. ಕೊನೆಗೆ ಅದರ ವೇಗ ತಗ್ಗಲು ಒಂದು ಕಾರಣ, ಜಾಲಗಳೇ ಅದರ ಭಾರಕ್ಕೆ ತುಂಬಿಹೋದದ್ದು.

ಸತ್ತ ಸಂಖ್ಯೆಗಳು

ಹೊಸದಾಗಿ ಏನಾದರೂ ಬೇಕಿದ್ದರೆ ಹೊಸ ಸಂಖ್ಯೆಯಲ್ಲೇ ಮಾಡಬಹುದಿತ್ತಲ್ವಾ? ಮಾಡಿದರು. 2000ದಲ್ಲಿ ಎಸ್‌ಸಿಟಿಪಿ ಬಂತು, ಸಂಖ್ಯೆ 132. 2006ರಲ್ಲಿ ಡಿಸಿಸಿಪಿ ಬಂತು, ಸಂಖ್ಯೆ 33. ಎರಡರ ಹಿಂದೆಯೂ ಒಳ್ಳೆಯ ಯೋಚನೆ ಇತ್ತು. ಒಂದೇ ಸಂಪರ್ಕದಲ್ಲಿ ಹಲವು ಬೇರೆ ಬೇರೆ ಧಾರೆಗಳನ್ನು ಕಳಿಸುವುದನ್ನು ಎಸ್‌ಸಿಟಿಪಿ ಆಗಲೇ ಕಲಿತಿತ್ತು. ಎಸ್‌ಸಿಟಿಪಿ ಇವತ್ತಿಗೂ ಟೆಲಿಕಾಂ ಜಾಲಗಳ ಒಳಗೆ ಕೆಲಸ ಮಾಡುತ್ತಿದೆ. ಸಾರ್ವಜನಿಕ ಇಂಟರ್ನೆಟ್‌ಗೆ ಮಾತ್ರ ಬರಲಾಗಲಿಲ್ಲ.

ಅಡ್ಡ ಬಂದದ್ದು ನಡುವೆ ಕೂತ ಪೆಟ್ಟಿಗೆಗಳು. ಮನೆಯ ರೂಟರ್‌ನ ನ್ಯಾಟ್ (ಹಲವು ಯಂತ್ರಗಳಿಗೆ ಒಂದೇ ಐಪಿ ವಿಳಾಸ ಹಂಚುವ ವ್ಯವಸ್ಥೆ), ಕಚೇರಿಯ ಫೈರ್‌ವಾಲ್, ಮೊಬೈಲ್ ಕಂಪನಿಯ ಇನ್ನೇನೋ. ಇವುಗಳಿಗೆ ಗೊತ್ತಿರುವುದು 6 ಮತ್ತು 17. ಬೇರೆ ಸಂಖ್ಯೆ ಕಂಡರೆ ಹೆಚ್ಚಿನವು ಪ್ಯಾಕೆಟ್ ಎಸೆದು ಸುಮ್ಮನಾಗುತ್ತವೆ. ಟಿಸಿಪಿಯನ್ನೇ ತಿದ್ದಲು ಹೋದವರಿಗೂ ಇದೇ ಗತಿ, ಯಾಕೆಂದರೆ ಅದರ ಹೆಡರ್ ತೆರೆದೇ ಇರುತ್ತದೆ. ದಾರಿಯಲ್ಲಿರುವವರು ಓದುತ್ತಾರೆ, ಕೆಲವರು ತಿದ್ದುತ್ತಾರೆ, ತಮಗೆ ಗೊತ್ತಿಲ್ಲದ ಆಯ್ಕೆ ಕಂಡರೆ ಅಳಿಸುತ್ತಾರೆ. 2013ರಲ್ಲಿ ಬಂದ ಮಲ್ಟಿಪಾತ್ ಟಿಸಿಪಿಯ ವಿನ್ಯಾಸದಲ್ಲಿ ಬೆವರು ಹರಿದದ್ದು ಬಹುಪಾಲು ಈ ಪೆಟ್ಟಿಗೆಗಳನ್ನು ದಾಟಿಸುವುದಕ್ಕೆ.

ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಅನ್ನುವ ಗಾದೆ ಇದೆಯಲ್ಲ, ಮುಂದೆ ಗೂಗಲ್ ಮಾಡಿದ್ದು ಅದನ್ನೇ.

ಯುಡಿಪಿ ವೇಷದಲ್ಲಿ

ಕ್ವಿಕ್ ಎಂಬ ಪ್ರೋಟೊಕಾಲ್‌ನ ಕೆಲಸ ಗೂಗಲ್‌ನಲ್ಲಿ 2012ರಲ್ಲಿ ಶುರುವಾಯಿತು. 2013ರಲ್ಲಿ ಹೊರಗೆ ತಿಳಿಸಿದರು. ಉಪಾಯ ಸರಳ. ಹೊರಗಿನ ಲಕೋಟೆ ಯುಡಿಪಿಯದ್ದು, ಆದ್ದರಿಂದ ಪೆಟ್ಟಿಗೆಗಳು ಬಿಡುತ್ತವೆ. ಒಳಗೆ ಮಾತ್ರ ಟಿಸಿಪಿ ಮಾಡುತ್ತಿದ್ದ ಎಲ್ಲವೂ ಇದೆ: ಕಳೆದದ್ದನ್ನು ಮತ್ತೆ ಕಳಿಸುವುದು, ಸಾಲಾಗಿ ಜೋಡಿಸುವುದು, ಜಾಮ್ ಕಂಡರೆ ಹಿಂದೆ ಸರಿಯುವುದು. ಮೇಲಾಗಿ ಇಡೀ ಸರಕಿಗೆ, ಹೆಡರ್‌ನ ಬಹುಪಾಲಿಗೂ, ಗೂಢಲಿಪಿಯ ಹೊದಿಕೆ.

ಲಾಭ ಏನು ಅಂತ ಒಂದು ಉದಾಹರಣೆಯಲ್ಲಿ ನೋಡಿ. ಸರ್ವರ್‌ಗೆ ಹೋಗಿ ಬರಲು 150 ಮಿಲಿಸೆಕೆಂಡ್ ಬೇಕು ಅಂದುಕೊಳ್ಳಿ. ಟಿಸಿಪಿ ಮೇಲೆ ಗೂಢಲಿಪಿಯ ಪ್ರೋಟೊಕಾಲ್ ಟಿಎಲ್‌ಎಸ್‌ನ ಹಳೆಯ 1.2 ಆವೃತ್ತಿ ಇದ್ದರೆ ಪರಿಚಯ ಮಾಡಿಕೊಳ್ಳಲು ಒಂದು ಸುತ್ತು, ಬೀಗದ ಕೈ ಹಂಚಿಕೊಳ್ಳಲು ಎರಡು ಸುತ್ತು. ಮೊದಲ ವಿನಂತಿ ಹೊರಡುವ ಹೊತ್ತಿಗೆ 450 ಮಿಲಿಸೆಕೆಂಡ್ ಕಳೆದಿರುತ್ತದೆ. ಟಿಎಲ್‌ಎಸ್ 1.3 ಆದರೆ 300. ಕ್ವಿಕ್‌ನಲ್ಲಿ ಪರಿಚಯ, ಬೀಗದ ಕೈ ಎರಡೂ ಒಟ್ಟಿಗೆ, 150ಕ್ಕೆ ಮುಗಿಯುತ್ತದೆ. ಹಿಂದೆ ಭೇಟಿಯಾದ ಸರ್ವರ್ ಆದರೆ ಮೊದಲ ಪ್ಯಾಕೆಟ್ ಜತೆಗೇ ವಿನಂತಿ ಕಳಿಸುವುದಕ್ಕೂ ದಾರಿ ಇದೆ. ಇದಲ್ಲದೆ ಒಂದು ಚಿತ್ರದ ಪ್ಯಾಕೆಟ್ ಕಳೆದರೆ ಮಿಕ್ಕ ಚಿತ್ರಗಳು ಅದಕ್ಕಾಗಿ ಕಾಯಬೇಕಿಲ್ಲ. ವೈಫೈ ಬಿಟ್ಟು ಮೊಬೈಲ್ ಡೇಟಾಗೆ ಹೋದರೂ ಸಂಪರ್ಕ ಕಡಿಯದಂತೆ ನೋಡಿಕೊಳ್ಳಬಹುದು, ಯಾಕೆಂದರೆ ಐಪಿ ವಿಳಾಸ ಬದಲಾದರೂ ಸಂಪರ್ಕಕ್ಕೆ ಅಂತಲೇ ಒಂದು ಬೇರೆ ಗುರುತಿನ ಸಂಖ್ಯೆ ಇರುತ್ತದೆ.

ಇದನ್ನು ನೀವೇ ನೋಡಬಹುದು. ಪ್ಯಾಕೆಟ್‌ಗಳನ್ನು ಹಿಡಿದು ತೋರಿಸುವ ವೈರ್‌ಶಾರ್ಕ್ ಸಾಫ್ಟ್‌ವೇರ್ ತೆರೆದಿಟ್ಟು, ಬ್ರೌಸರ್‌ನ ನೆನಪೆಲ್ಲ ಅಳಿಸಿ, ಕ್ವಿಕ್ ಇರುವ ಒಂದು ಸೈಟ್‌ಗೆ ಹೋಗಿ. ಮೊದಲ ಪ್ಯಾಕೆಟ್‌ಗಳು ಹೆಚ್ಚಿನ ಸಲ ಟಿಸಿಪಿ, ಪೋರ್ಟ್ 443. ಸರ್ವರ್‌ನ ಉತ್ತರದಲ್ಲಿ ಆಲ್ಟ್-ಎಸ್‌ವಿಸಿ ಅಂತ ಒಂದು ಸಾಲು ಬರುತ್ತದೆ. ನನ್ನ ಹತ್ತಿರ ಎಚ್‌3 (ಕ್ವಿಕ್ ಮೇಲೆ ಕೂರುವ ಎಚ್‌ಟಿಟಿಪಿ/3) ಕೂಡ ಇದೆ, ಅದೇ 443ರಲ್ಲಿ, ಇನ್ನು ಇಷ್ಟು ಸೆಕೆಂಡ್ ಈ ಮಾತು ನೆನಪಿಡು ಅಂತ ಅದರ ಅರ್ಥ. ಆಮೇಲೆ ಅದೇ ಸೈಟ್‌ಗೆ ಮತ್ತೆ ಹೋದರೆ ಸಾಲುಸಾಲಾಗಿ ಯುಡಿಪಿ ಪ್ಯಾಕೆಟ್‌ಗಳು. ಪುಟ ಅದೇ, ಪೋರ್ಟ್ ಅದೇ. ಹತ್ತನೇ ಬೈಟ್ ಮಾತ್ರ 6 ಹೋಗಿ 17.

2017ರಲ್ಲಿ ಗೂಗಲ್‌ನವರು ಲೆಕ್ಕ ಕೊಟ್ಟಾಗ ಅವರ ಸರ್ವರ್‌ಗಳಿಂದ ಹೊರ ಹೋಗುವ ಟ್ರಾಫಿಕ್‌ನಲ್ಲಿ ಶೇ. 30ಕ್ಕಿಂತ ಜಾಸ್ತಿ ಕ್ವಿಕ್ ಆಗಿತ್ತು. ಇಡೀ ಇಂಟರ್ನೆಟ್‌ನ ಸುಮಾರು ಶೇ. 7 ಅಂತ ಅವರ ಅಂದಾಜು. ಅದೇ ವರದಿಯಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಏರುಮುಖದ ಗ್ರಾಫ್‌ನಲ್ಲಿರುವ ಒಂದು ಹಳ್ಳ. 2015ರ ಡಿಸೆಂಬರ್‌ನಲ್ಲಿ ಒಂದು ದೋಷ ಪತ್ತೆಯಾಯಿತು. ತೀರಾ ಅಪರೂಪದ ಸಂದರ್ಭದಲ್ಲಿ ವಿನಂತಿಗಳು ಗೂಢಲಿಪಿ ಇಲ್ಲದೇ ಹೋಗಬಹುದಿತ್ತು. ಗೂಗಲ್ ತನ್ನ ಸರ್ವರ್‌ಗಳಲ್ಲಿ ಕ್ವಿಕ್ ಅನ್ನೇ ಆರಿಸಿತು. ಅಷ್ಟೂ ಟ್ರಾಫಿಕ್ ಟಿಸಿಪಿಗೆ ವಾಪಸ್. ಬಳಸುವವರಿಗೆ ಗೊತ್ತೂ ಆಗಲಿಲ್ಲ. ದೋಷ ಸರಿಮಾಡಿದ ಸಾಫ್ಟ್‌ವೇರ್ ಹೋದ ಹಾಗೆ ಗ್ರಾಫ್ ಮತ್ತೆ ಏರಿತು. 2016ರಲ್ಲಿ ಯೂಟ್ಯೂಬ್‌ನ ಮೊಬೈಲ್ ಆ್ಯಪ್‌ಗೆ ಕ್ವಿಕ್ ಬಂದಾಗ ಪಾಲು ಹೆಚ್ಚುಕಡಿಮೆ ದುಪ್ಪಟ್ಟಾಯಿತು.

ಈ ಹಳ್ಳದಲ್ಲೇ ಇಡೀ ವಿಷಯ ಇದೆ. 1997ರಲ್ಲಿ ಯುಡಿಪಿ ಪಾಲು ಏರಿದ್ದರೆ ಜನ ಬೇರೆ ಏನೋ ಮಾಡಲು ಶುರುಮಾಡಿದ್ದಾರೆ ಅಂತ ಊಹಿಸಬಹುದಿತ್ತು: ಆಟ ಆಡುತ್ತಿದ್ದಾರೆ, ಫೋನ್ ಮಾಡುತ್ತಿದ್ದಾರೆ, ರೇಡಿಯೊ ಕೇಳುತ್ತಿದ್ದಾರೆ. ಈಗ ಜನ ಅದೇ ವಿಡಿಯೊ ನೋಡುತ್ತಾ ಕೂತಿದ್ದಾಗಲೇ ಒಂದು ಕಂಪನಿಯೊಳಗಿನ ಒಂದು ಸ್ವಿಚ್‌ನಿಂದ ಅನುಪಾತ ಮೇಲೆ ಕೆಳಗೆ ಆಗುತ್ತದೆ. 2020ರ ಅಕ್ಟೋಬರ್‌ನಲ್ಲಿ ಫೇಸ್‌ಬುಕ್ ತನ್ನ ಇಂಟರ್ನೆಟ್ ಟ್ರಾಫಿಕ್‌ನ ಶೇ. 75ಕ್ಕಿಂತ ಜಾಸ್ತಿ ಕ್ವಿಕ್ ಮೇಲಿದೆ ಅಂತ ಹೇಳಿತು. ಆಗ ಕ್ವಿಕ್‌ನ ಅಧಿಕೃತ ದಾಖಲೆ ಇನ್ನೂ ಹೊರಬಂದಿರಲಿಲ್ಲ, ಅದು ಬಂದದ್ದು 2021ರ ಮೇ ತಿಂಗಳಲ್ಲಿ. ಅದರ ಮೇಲೆ ಕೂರುವ ಎಚ್‌ಟಿಟಿಪಿ/3ಗೆ ಇನ್ನೂ ಒಂದು ವರ್ಷ ಹಿಡಿಯಿತು.

ಲಗಾಮು ಯಾರ ಕೈಯಲ್ಲಿ

ಟಿಸಿಪಿ ಇರುವುದು ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ನಲ್ಲಿ. ಅದರಲ್ಲಿ ಒಂದು ಸುಧಾರಣೆ ತಂದರೆ ಲೋಕದ ಫೋನ್‌ಗಳಿಗೆಲ್ಲ ತಲುಪಲು ವರ್ಷಗಳು ಬೇಕು. ಎಷ್ಟೋ ಹಳೆ ಫೋನ್‌ಗಳಿಗೆ ತಲುಪುವುದೇ ಇಲ್ಲ. ಕ್ವಿಕ್ ಇರುವುದು ಬ್ರೌಸರ್‌ನಲ್ಲಿ, ಆ್ಯಪ್‌ನಲ್ಲಿ. ಕೆಲವು ವಾರಕ್ಕೊಮ್ಮೆ ಬರುವ ಅಪ್‌ಡೇಟ್‌ನಲ್ಲೇ ಹೊಸ ಗುಣ ಸೇರಿಸಬಹುದು. ಎಂಜಿನಿಯರ್‌ಗಳಿಗೆ ಇದು ಹಬ್ಬ. ಆದರೆ ಜಾಮ್ ಕಂಡಾಗ ಎಷ್ಟು ಹಿಂದೆ ಸರಿಯಬೇಕು ಅನ್ನುವ ತೀರ್ಮಾನವೂ ಅದರ ಜತೆಗೇ ಆ್ಯಪ್ ಮಾಡುವವರ ಕೈಗೆ ಹೋಯಿತು ಅನ್ನುವುದನ್ನು ಮರೆಯಬಾರದು. 2017ರ ಒಂದು ಸ್ವತಂತ್ರ ಅಧ್ಯಯನದಲ್ಲಿ, ಒಂದೇ ದಾರಿಯಲ್ಲಿ ಸ್ಪರ್ಧೆಗೆ ಬಿಟ್ಟಾಗ ಕ್ವಿಕ್ ಟಿಸಿಪಿಗಿಂತ ದೊಡ್ಡ ಪಾಲು ಕಬಳಿಸಿದ್ದು ಕಂಡಿತ್ತು. ಜಾಲ ಏನೂ ಕುಸಿಯಲಿಲ್ಲ. ಆದರೂ ಪಂಕ್ತಿಯಲ್ಲಿ ಕೂತವರೇ ಬಡಿಸುವವರೂ ಆದಾಗ ಒಂದು ಕಣ್ಣು ಇಟ್ಟಿರುವುದು ಒಳ್ಳೆಯದು.

ಖರ್ಚೂ ಇದೆ. ಶುರುವಿನಲ್ಲಿ ಕ್ವಿಕ್‌ಗೆ ಗೂಗಲ್‌ನ ಸರ್ವರ್‌ಗಳಲ್ಲಿ ಟಿಸಿಪಿ ಮತ್ತು ಟಿಎಲ್‌ಎಸ್‌ಗಿಂತ 3.5 ಪಟ್ಟು ಸಿಪಿಯು ಬೇಕಾಗುತ್ತಿತ್ತು. ತಿದ್ದಿ ತೀಡಿ 2 ಪಟ್ಟಿಗೆ ಇಳಿಸಿದರು. ಟಿಸಿಪಿಗೆ ದಶಕಗಳಿಂದ ನೆಟ್‌ವರ್ಕ್ ಕಾರ್ಡ್‌ಗಳೇ ಕೈಜೋಡಿಸುತ್ತಾ ಬಂದಿವೆ. ದೊಡ್ಡ ತುಂಡೊಂದನ್ನು ಕೊಟ್ಟರೆ ಪ್ಯಾಕೆಟ್‌ಗಳಾಗಿ ಕತ್ತರಿಸುವುದು ಕಾರ್ಡ್‌ನದೇ ಕೆಲಸ. ಯುಡಿಪಿಗೆ ಲಿನಕ್ಸ್‌ನಲ್ಲಿ ಆ ಥರದ ಸವಲತ್ತು ಸೇರಿದ್ದು 2018ರಲ್ಲಿ. ನ್ಯಾಟ್ ಪೆಟ್ಟಿಗೆಗಳೂ ಯುಡಿಪಿಯನ್ನು ಬೇಗ ಮರೆಯುತ್ತವೆ. ಟಿಸಿಪಿ ಸಂಪರ್ಕ ಸುಮ್ಮನಿದ್ದರೂ 2 ಗಂಟೆ 4 ನಿಮಿಷ ನೆನಪಿಡಬೇಕು ಅಂತ ನಿಯಮ, ಯುಡಿಪಿಗೆ 2 ನಿಮಿಷ. ಎಷ್ಟೋ ಪೆಟ್ಟಿಗೆಗಳು ಅಷ್ಟೂ ಕಾಯುವುದಿಲ್ಲ. ಹಾಗಾಗಿ ನಾನಿನ್ನೂ ಇದ್ದೇನೆ ಅಂತ ಆಗಾಗ ಕೂಗುತ್ತಿರಬೇಕು.

ಇನ್ನು ಯುಡಿಪಿಯನ್ನು ತಡೆಯುವವರು ಎಷ್ಟು? ಗೂಗಲ್‌ನ 2017ರ ಆ ವರದಿಯ ಪ್ರಕಾರ ಯೂಟ್ಯೂಬ್ ನೋಡುವವರಲ್ಲಿ ಶೇ. 4.4 ಜನರಿಗೆ ಕ್ವಿಕ್ ಸಾಗಲಿಲ್ಲ, ಶೇ. 0.3 ಜನರ ಜಾಲದಲ್ಲಿ ವೇಗಕ್ಕೆ ಕತ್ತರಿ ಬಿದ್ದಂತೆ ಕಂಡಿತು. ತಡೆದರೂ ಪರವಾಗಿಲ್ಲ, ಬ್ರೌಸರ್ ಟಿಸಿಪಿಗೆ ಹೋಗುತ್ತದೆ. ಇನ್ನೊಂದು ಘಟನೆ ನಗು ಬರಿಸುವಂಥದ್ದು. ಗೂಢಲಿಪಿ ಇಲ್ಲದ ಮೊದಲ ಬೈಟ್‌ನಲ್ಲಿ ಗೂಗಲ್‌ನವರು ಒಂದೇ ಒಂದು ಬಿಟ್ ಬದಲಾಯಿಸಿದರು. ಒಂದು ಫೈರ್‌ವಾಲ್ ಆ ಬೈಟ್ ಹಿಂದೆ ಇದ್ದ ಹಾಗೇ ಸದಾ ಇರುತ್ತದೆ ಅಂತ ನಂಬಿ ಕೂತಿತ್ತು. ಮೊದಲ ಕೆಲವು ಪ್ಯಾಕೆಟ್ ಬಿಟ್ಟು ಆಮೇಲಿನವನ್ನೆಲ್ಲ ನುಂಗಿತು. ಪರಿಚಯ ಸರಿಯಾಗೇ ಮುಗಿದಿದ್ದರಿಂದ ಬ್ರೌಸರ್‌ಗೆ ಟಿಸಿಪಿಗೆ ಹೋಗಬೇಕು ಅಂತಲೂ ಹೊಳೆಯಲಿಲ್ಲ. ಕಣ್ಣಿಗೆ ಬೀಳುವ ಯಾವುದನ್ನೇ ಆದರೂ ದಾರಿಯಲ್ಲಿರುವವರು ಕಲ್ಲಿನಲ್ಲಿ ಕೆತ್ತಿದ ಶಾಸನ ಅಂದುಕೊಳ್ಳುತ್ತಾರೆ ಅಂತ ಅವತ್ತು ಖಾತ್ರಿಯಾಯಿತು. ಮುಂದೆ ಹೊದಿಕೆ ಇನ್ನೂ ದಪ್ಪಗಾಯಿತು.

ಎದುರು ದಿಕ್ಕಿನ ಹರಿವು

ಎಲ್ಲವೂ 6ರಿಂದ 17ಕ್ಕೆ ಹೋಗುತ್ತಿದೆ ಅಂದುಕೊಂಡರೆ ತಪ್ಪು. ಯುಡಿಪಿಯ ಹಳೆಯ ನಂಟ ಡಿಎನ್‌ಎಸ್ ಟಿಸಿಪಿ ಕಡೆ ವಾಲುತ್ತಿದೆ. ಗುಟ್ಟು ಕಾಪಾಡಲು 2016ರಲ್ಲಿ ಬಂದ ಡಿಎನ್‌ಎಸ್ ಓವರ್ ಟಿಎಲ್‌ಎಸ್ ಕೂರುವುದು ಟಿಸಿಪಿ ಮೇಲೆ. 2018ರ ಡಿಎನ್‌ಎಸ್ ಓವರ್ ಎಚ್‌ಟಿಟಿಪಿಎಸ್ ಕೂಡ ಶುರುವಾದದ್ದು ಅಲ್ಲೇ. ಕೊನೆಗೆ 2022ರಲ್ಲಿ ಡಿಎನ್‌ಎಸ್ ಓವರ್ ಕ್ವಿಕ್ ಬಂದು ಮತ್ತೆ ಯುಡಿಪಿಗೇ ಮರಳುವ ದಾರಿಯೂ ತೆರೆಯಿತು.

ಯುಡಿಪಿಗೆ ಅಂಟಿದ ಹಳೆಯ ಕಳಂಕವೂ ಇದೆ. ಕಳುಹಿಸುವವನ ವಿಳಾಸ ಸುಳ್ಳಾಗಿದ್ದರೂ ಅದಕ್ಕೆ ಗೊತ್ತಾಗುವುದಿಲ್ಲ. ಬೇರೆಯವರ ವಿಳಾಸ ಹಾಕಿ ಸಣ್ಣ ಪ್ರಶ್ನೆ ಕೇಳಿ, ದೊಡ್ಡ ಉತ್ತರ ಅವರ ಮನೆಗೆ ಬಂದು ಬೀಳುತ್ತದೆ. 2018ರ ಫೆಬ್ರವರಿಯಲ್ಲಿ ಗಿಟ್‌ಹಬ್ ಮೇಲೆ ಹೀಗೇ ಸೆಕೆಂಡಿಗೆ 1.35 ಟೆರಾಬಿಟ್ ಸುರಿಯಿತು. ಅಜಾಗರೂಕತೆಯಿಂದ ತೆರೆದಿಟ್ಟಿದ್ದ ಮೆಮ್‌ಕ್ಯಾಶ್‌ಡಿ ಸರ್ವರ್‌ಗಳು (ಸೈಟ್‌ಗಳ ಡೇಟಾ ಬೇಗ ಸಿಗಲಿ ಅಂತ ನೆನಪಿಟ್ಟುಕೊಳ್ಳುವಂಥವು) ಒಂದು ಬೈಟ್‌ಗೆ 51,000 ಬೈಟ್‌ವರೆಗೆ ಉತ್ತರ ಕೊಡಬಲ್ಲವಾಗಿದ್ದವು. ಕ್ವಿಕ್ ಕಟ್ಟಿದವರು ಈ ಪಾಠ ಕಲಿತಿದ್ದಾರೆ. ಬಂದವನ ಮೊದಲ ಪ್ಯಾಕೆಟ್ ಕನಿಷ್ಠ 1200 ಬೈಟ್ ಇರಬೇಕು. ಅವನ ವಿಳಾಸ ನಿಜ ಅಂತ ಗೊತ್ತಾಗುವವರೆಗೆ ಸರ್ವರ್ ತಾನು ಪಡೆದದ್ದರ ಮೂರು ಪಟ್ಟಿಗಿಂತ ಜಾಸ್ತಿ ಕಳಿಸುವಂತಿಲ್ಲ.

ಮುಂದೆ ಎಲ್ಲಿಗೆ ಹೋಗಿ ನಿಲ್ಲುತ್ತದೆ? ಟಿಸಿಪಿ ಮಾಯವಾಗುತ್ತದೆ ಅಂತ ನನಗಂತೂ ಅನಿಸುವುದಿಲ್ಲ. ಕ್ಲೌಡ್‌ಫ್ಲೇರ್ ಕಂಪನಿಯ 2024ರ ಲೆಕ್ಕದಲ್ಲಿ ಅವರ ಮೂಲಕ ಹೋದ ವೆಬ್ ವಿನಂತಿಗಳಲ್ಲಿ ಎಚ್‌ಟಿಟಿಪಿ/3 ಇದ್ದದ್ದು ಸುಮಾರು ಐದನೇ ಒಂದು ಭಾಗ. ಅರ್ಧದಷ್ಟು ಎಚ್‌ಟಿಟಿಪಿ/2. ಮಿಕ್ಕದ್ದು ಇನ್ನೂ ಹಳೆಯದು. ಬ್ರೌಸರ್‌ಗಳೆಲ್ಲ ಸಿದ್ಧವಾಗಿ ವರ್ಷಗಳೇ ಆದರೂ ಪಾಲು ಓಡುತ್ತಿಲ್ಲ, ತೆವಳುತ್ತಿದೆ. ಬಾಟ್‌ಗಳು, ಸ್ಕ್ರಿಪ್ಟ್‌ಗಳು, ಸರ್ವರ್ ಸರ್ವರ್ ನಡುವಿನ ಮಾತುಕತೆ, ಮೇಲ್, ಎಸ್‌ಎಸ್‌ಎಚ್, ಡೇಟಾಬೇಸ್, ಇವಕ್ಕೆಲ್ಲ ಟಿಸಿಪಿ ಚೆನ್ನಾಗೇ ನಡೆಯುತ್ತಿದೆ, ಬದಲಾಯಿಸುವ ಆತುರ ಯಾರಿಗೂ ಇಲ್ಲ. ಇದು ವಿನಂತಿಗಳ ಲೆಕ್ಕ ಅನ್ನುವುದು ನೆನಪಿರಲಿ. ಒಂದು ಬಾಟ್‌ನ ಪುಟ್ಟ ವಿನಂತಿಯೂ ಒಂದೇ, ದೊಡ್ಡ ವಿಡಿಯೊ ತುಂಡೂ ಒಂದೇ. ಬೈಟ್ ಲೆಕ್ಕಕ್ಕೆ ಹೋದರೆ ಚಿತ್ರ ಬೇರೆ, ಯಾಕೆಂದರೆ ಕ್ವಿಕ್ ಹಿಡಿದವರೇ ಭಾರಿ ವಿಡಿಯೊ ಕಳಿಸುವವರು.

ಅಳೆಯುವವರ ಪಾಡು ಮಾತ್ರ ಪೇಚಿನದು. ಟಿಸಿಪಿ ಹೆಡರ್ ತೆರೆದಿದ್ದರಿಂದ ನಡುದಾರಿಯಲ್ಲಿ ಕೂತು ಎಷ್ಟೋ ಹೇಳಬಹುದಿತ್ತು: ಎಷ್ಟು ಪ್ಯಾಕೆಟ್ ಕಳೆದವು, ಎಷ್ಟು ಮತ್ತೆ ಬಂದವು, ಹೋಗಿ ಬರಲು ಎಷ್ಟು ಹೊತ್ತಾಯಿತು. ಕ್ವಿಕ್‌ನಲ್ಲಿ ಅದೆಲ್ಲ ಹೊದಿಕೆಯೊಳಗೆ. ಜಾಲ ನಡೆಸುವವರು, ಕನಿಷ್ಠ ಹೋಗಿ ಬರುವ ಹೊತ್ತನ್ನಾದರೂ ಅಳೆಯಲು ಏನಾದರೂ ಬಿಡಿ ಅಂತ ಕೇಳಿದರು. ಬಹಳ ವಾದವಿವಾದ ಆಗಿ ಒಂದು ಬಿಟ್ ಸಿಕ್ಕಿತು. ಅದರ ಹೆಸರು ಸ್ಪಿನ್ ಬಿಟ್. ಒಂದು ಸುತ್ತು ಹೋಗಿ ಬಂದಾಗಲೆಲ್ಲ ಅದು 0 ಇದ್ದದ್ದು 1, 1 ಇದ್ದದ್ದು 0 ಆಗುತ್ತದೆ. ಅದು ತಿರುಗುವುದನ್ನು ನೋಡುತ್ತಾ ಕೂತರೆ ಸುತ್ತಿನ ಹೊತ್ತು ತಿಳಿಯುತ್ತದೆ. ಅದೂ ಕಡ್ಡಾಯ ಅಲ್ಲ, ಬೇಡ ಅಂದವರು ಬಿಡಬಹುದು. ಬೇಕು ಅಂದವರೂ ಕನಿಷ್ಠ ಹದಿನಾರರಲ್ಲಿ ಒಂದು ಸಂಪರ್ಕದಲ್ಲಿ ಅದನ್ನು ನಿಲ್ಲಿಸಲೇಬೇಕು ಅಂತ ನಿಯಮ ಬರೆದಿದ್ದಾರೆ. ಯಾರೂ ಅದನ್ನೇ ನಂಬಿ ಮತ್ತೊಂದು ಪೆಟ್ಟಿಗೆ ಕಟ್ಟದಿರಲಿ ಅಂತ.